ಗುಬ್ಬಚ್ಚಿ ಅಳಿವಿನ ಅಂಚಿನಲ್ಲಿದೆಯಾ?

ಮೊಬೈಲ್ ಟವರ್‌ಗಳಿಂದ ಗುಬ್ಬಚ್ಚಿ ಸಂತತಿಯೇ ಮುಗಿಯುತ್ತಿದೆ ಎನ್ನುವ ಮೆಸೇಜು ಆಗಾಗ ಬರುತ್ತಲೇ ಇರುತ್ತದೆ. ಹಕ್ಕಿಗಳ ಮೇಲಿನ ಪ್ರೀತಿಯಿಂದಲೇ ಜನ ಅದನ್ನು ಕಳಿಸುತ್ತಾರೆ. ಆದರೆ ವಿಷಯ ಹಾಗಿಲ್ಲ. ಕೆಲವು ದೊಡ್ಡ ನಗರಗಳಲ್ಲಿ ಗುಬ್ಬಚ್ಚಿ ಕಡಿಮೆಯಾಗಿರುವುದು ನಿಜ. ಗೂಡು ಕಟ್ಟಲು ಸಂದುಗೊಂದಿಗಳಿಲ್ಲ, ಮರಿಗಳಿಗೆ ತಿನ್ನಿಸಲು ಹುಳಗಳು ಸಾಲುವುದಿಲ್ಲ. ಟವರ್‌ಗಳೇ ಕಾರಣ ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟಿದೆ ಎಂದು ಹೇಳುವ ಐಯುಸಿಎನ್ ಸಂಸ್ಥೆಯ ಜಾಗತಿಕ ಕೆಂಪು ಪಟ್ಟಿಯಲ್ಲಿ ಗುಬ್ಬಚ್ಚಿ ಇರುವುದು ತೀರಾ ಕಡಿಮೆ ಆತಂಕದ ಗುಂಪಿನಲ್ಲಿ.

ನಿಜಕ್ಕೂ ಅಂಚಿಗೆ ಬಂದು ನಿಂತಿರುವುದು ಎರೆಭೂತ ಎನ್ನುವ ದೊಡ್ಡ ಹಕ್ಕಿ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್. 2011ರಿಂದ ಅದು ತೀವ್ರ ಅಪಾಯದ ಗುಂಪಿನಲ್ಲಿದೆ. ನಿಸರ್ಗದಲ್ಲಿ ಉಳಿದಿರುವುದು 200ಕ್ಕಿಂತ ಕಡಿಮೆ, ಹೆಚ್ಚಿನವು ರಾಜಸ್ಥಾನದಲ್ಲಿ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ. ಮೈ ಭಾರ, ನೇರ ಎದುರಿಗಿರುವುದು ಸರಿಯಾಗಿ ಕಾಣುವುದಿಲ್ಲ. ವಿದ್ಯುತ್ ತಂತಿ ಹತ್ತಿರ ಬಂದಾಗ ತಕ್ಷಣ ತಿರುಗಲು ಆಗದೆ ಬಡಿದು ಸಾಯುತ್ತದೆ. ಸಂಕಟದ ವಿಷಯ ಇದು. ಇದರ ಬಗ್ಗೆ ಫಾರ್ವರ್ಡ್‌ಗಳು ಬರುವುದು ಕಡಿಮೆ ಅಲ್ವಾ?

ಪರೀಕ್ಷಿಸುವುದು ಸುಲಭ. ಕೆಂಪು ಪಟ್ಟಿಯ ಜಾಲತಾಣ ಎಲ್ಲರಿಗೂ ಉಚಿತ. ಹಕ್ಕಿಯ ಹೆಸರು ಹಾಕಿ, ಯಾವ ಗುಂಪು, ಯಾವ ವರ್ಷದ ಲೆಕ್ಕ, ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ನಮ್ಮ ಬೀದಿಯಲ್ಲಿ ಕಾಣಲಿಲ್ಲ ಎಂದ ಮಾತ್ರಕ್ಕೆ ಜಗತ್ತಿನಲ್ಲೇ ಇಲ್ಲ ಎಂದಾಗುವುದಿಲ್ಲ.