ಎರಡು ಕೆಬಿಯ ತಾಳಮದ್ದಳೆ

ಕೊನೆಕೊಯ್ಲಿನ ಕಾಲದಲ್ಲಿ ನಮ್ಮ ಶಿರಸಿ ಕಡೆಯವರು ಅಂಗಳದ ಅಡಿಕೆಗೆ ರಾತ್ರಿಯಿಡೀ ಕಾವಲು ಕೂರುತ್ತೇವೆ. ನಾಯಿ, ಲೈಟು, ಈಗೀಗ ಸಿಸಿಟಿವಿ. ಬೆಳಗಾದರೆ ಅದೇ ನಾವು ಆಧಾರ್, ಪಹಣಿ, ಪಾಸ್‌ಬುಕ್ ಎಲ್ಲ ತುಂಬಿದ ಪೆನ್‌ಡ್ರೈವನ್ನು ಜೆರಾಕ್ಸ್ ಅಂಗಡಿ ಹುಡುಗನ ಕೈಗೆ ಕೊಟ್ಟು, ಎದುರಿನ ಅಂಗಡಿಗೆ ಎಲೆಅಡಿಕೆಯ ಕವಳ ಹಾಕಲು ಹೋಗುತ್ತೇವೆ.

ನಾನು ಹೋಗುವ ಅಂಗಡಿಯ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 7 ಇದೆ. 2020ರ ಜನವರಿ 14ಕ್ಕೇ ಮೈಕ್ರೋಸಾಫ್ಟ್ ಅದರ ಕೈಬಿಟ್ಟಿತು. ಅಂಗಡಿಯವರು ಬಿಟ್ಟಿಲ್ಲ. ಮಾನಿಟರಿಗೆ ಲಿಂಬೆಹಣ್ಣು, ಮೆಣಸು ಕಟ್ಟಿದ್ದಾರೆ. ಆಯುಧಪೂಜೆಯ ಕುಂಕುಮ ಕೀಬೋರ್ಡಿನ ಸಂದಿಯಲ್ಲಿ ಹಾಗೇ ಇದೆ. 'ಆಂಟಿವೈರಸ್ ಅವಧಿ ಮುಗಿದಿದೆ' ಎಂದು ಮೂಲೆಯಲ್ಲಿ ಆಗಾಗ ಒಂದು ಕೆಂಪು ಡಬ್ಬಿ ಎದ್ದು ಬರುತ್ತದೆ. ಹುಡುಗ ನೊಣ ಓಡಿಸಿದ ಹಾಗೆ ಅದನ್ನು ಓಡಿಸುತ್ತಾನೆ.

"ತಮ್ಮಾ, ಇದರಲ್ಲಿ ವೈರಸ್ ಗಿರಸ್ ಇಲ್ಲ ಅಲ್ವಾ?"

"ಅಡ್ಡಿಲ್ಲ ಭಟ್ರೇ, ಎಲ್ಲರೂ ಇದಕ್ಕೇ ಹಾಕ್ತಾರೆ."

ಎಲ್ಲರೂ ಹಾಕುತ್ತಾರೆ ಎನ್ನುವುದೇ ನನ್ನ ಭಯ. ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ಸುದ್ದಿ ಬಂದರೆ, ಉಣುಗು ಹತ್ತಬಾರದೆಂದು ಮೈಗೆ ಎಣ್ಣೆ ಹಚ್ಚಿಕೊಂಡೇ ಸೊಪ್ಪಿಗೆ ಹೋಗುವ ಜನ ನಾವು. ಊರಿನ ಅಷ್ಟೂ ಪೆನ್‌ಡ್ರೈವು ಒಂದೇ ತೂತಿಗೆ ಹೋಗಿ ಬರುವಾಗ ಮಾತ್ರ ಅಡ್ಡಿಲ್ಲ.

ಆಧಾರ್ ಫೈಲು ಪಾಸ್‌ವರ್ಡ್ ಕೇಳಿತು. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಹುಟ್ಟಿದ ಇಸವಿ. ದೇಶಕ್ಕೆಲ್ಲ ಇದೇ ಲೆಕ್ಕ, ಹುಡುಗನಿಗೆ ಬಾಯಿಪಾಠ. "ಹುಟ್ಟಿದ್ದು ಯಾವಾಗ ಭಟ್ರೇ?" ಎಂದು ಕೂಗಿದ. ನಾನೂ ಕೂಗಿದೆ. ಸಾಲಿನಲ್ಲಿದ್ದವರೊಬ್ಬರು, "ಓಹೋ, ಅಷ್ಟೆಲ್ಲ ಆಯ್ತಾ ನಿಮಗೆ?" ಎಂದರು. ಪ್ರಿಂಟು ಬಂತು. ಫೈಲು ಡೆಸ್ಕ್‌ಟಾಪಿನಲ್ಲೇ ಉಳಿಯಿತು, ನೆರೆಹೊರೆಯವರ ಆಧಾರುಗಳ ಜೊತೆ. ಊರಿನ ಮತದಾರರ ಪಟ್ಟಿ ಕಳೆದುಹೋದರೂ ಅಲ್ಲಿಂದ ಹೊಸದು ಮಾಡಬಹುದು.

ದೊಡ್ಡವರೂ ಒಮ್ಮೆ ಎಚ್ಚರಿಸಿದ್ದರು ಅನ್ನಿ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಆಧಾರ್ ನಕಲು ಕಂಡಕಂಡವರಿಗೆ ಕೊಡಬೇಡಿ, ಸೈಬರ್ ಕೆಫೆಯಲ್ಲಿ ಇಳಿಸಿಕೊಳ್ಳಬೇಡಿ ಎಂದಿತು. ಜನ ಗಾಬರಿಯಾದರು. 29ಕ್ಕೆ ಆ ಪ್ರಕಟಣೆಯನ್ನೇ ಸರ್ಕಾರ ಹಿಂದಕ್ಕೆ ತೆಗೆದುಕೊಂಡಿತು. ತಪ್ಪು ತಿಳಿಯಬೇಡಿ, ಮಾಮೂಲಿ ಎಚ್ಚರ ಇದ್ದರೆ ಸಾಕು ಎಂದಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅಡ್ಡಿಲ್ಲ.

ಮನೆಗೆ ಬಂದು ಪೆನ್‌ಡ್ರೈವ್ ಚುಚ್ಚಿದೆ. ಕಾಗದಪತ್ರದ ಜೊತೆ ಅದರಲ್ಲಿ ನಾಲ್ಕು ತಾಳಮದ್ದಳೆಗಳ, ಅಂದರೆ ವೇಷವಿಲ್ಲದೆ ಕೂತು ಅರ್ಥ ಹೇಳುವ ಯಕ್ಷಗಾನದ, ರೆಕಾರ್ಡಿಂಗ್ ಇತ್ತು. ಒಂದೊಂದೂ ಬೆಳಗಿನವರೆಗೆ ನಡೆದದ್ದು. ಈಗ ನೋಡಿದರೆ ಒಂದೊಂದೂ ಎರಡು ಕೆಬಿ! ನಮ್ಮೂರಿನ ಅರ್ಥಧಾರಿಗಳನ್ನು ಇಷ್ಟು ಚುಟುಕಾಗಿ ಮಾತಾಡಿಸಿದ್ದು ಈ ವೈರಸ್ ಒಂದೇ.

ಅಸಲಿ ಫೈಲುಗಳನ್ನು ಅದು ಅಳಿಸಿರಲಿಲ್ಲ. ಅಡಗಿಸಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ನಿಲ್ಲಿಸಿತ್ತು. ವೇಷ ನಂಬಿ ಒತ್ತಿದರೆ ಒಳಗೆ ಬರುವುದು ಬೇರೆಯೇ ಪಾತ್ರ. ನಾನು ಒತ್ತಿದೆ. ಎರಡು ಸಲ, ಮೊದಲನೆಯದಕ್ಕೆ ಏನೂ ಆಗಲಿಲ್ಲವಲ್ಲ ಎಂದು.

ನಗಬೇಡಿ. ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ತಿರುಗಿಸುವ ಯಂತ್ರಗಳನ್ನು ಕೆಡಿಸಿದ ವೈರಸ್ ಸ್ಟಕ್ಸ್‌ನೆಟ್, 2010ರಲ್ಲಿ ಬಯಲಾದದ್ದು, ಅದೂ ಪೆನ್‌ಡ್ರೈವಿನಲ್ಲಿ ಹರಡುತ್ತಿತ್ತು. ಅದೂ ಶಾರ್ಟ್‌ಕಟ್ಟಿನ ದಾರಿಯಲ್ಲೇ. ಕೈಗಾ ಅಣುಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿಯ ಯಾರೂ ಈ ಅಂಗಡಿಗೆ ಜೆರಾಕ್ಸಿಗೆ ಬರದಿರಲಿ ಎಂದು ಮಾರಿಕಾಂಬೆಗೆ ಹರಕೆ ಹೇಳಿಕೊಂಡಿದ್ದೇನೆ.

ಮರುದಿನ ಜಗಳಕ್ಕೆಂದೇ ಅಂಗಡಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಹುಡುಗ ಹೇಳಿದ: "ಭಟ್ರೇ, ನಿನ್ನೆ ನಿಮ್ಮ ಪೆನ್‌ಡ್ರೈವಿಂದ ನಮ್ಮ ಸಿಸ್ಟಮ್ಮಿಗೆ ವೈರಸ್ ಬಂತು ಮಾರಾಯ್ರೆ. ಓನರ್ ಬೈದ್ರು."

ನಾನೇ ತಪ್ಪಾಯಿತು ಎಂದೆ.

"ಅಡ್ಡಿಲ್ಲ. ನನ್ನ ಹತ್ರ ಒಳ್ಳೆ ಆಂಟಿವೈರಸ್ ಇದೆ. ಕ್ರ್ಯಾಕ್ ಮಾಡಿದ್ದು, ದುಡ್ಡು ಬೇಡ. ಹಾಕೋ ಮೊದ್ಲು ಮನೆ ಕಂಪ್ಯೂಟರಿನ ಆಂಟಿವೈರಸ್ ಬಂದ್ ಮಾಡ್ಬೇಕು, ಅದು ಸುಮ್ನೆ ಕೂಗ್ತದೆ. ಪೆನ್‌ಡ್ರೈವ್ ಕೊಡಿ."

ಕೊಟ್ಟು, ಕವಳ ಹಾಕಲು ಹೋದೆ.