ರೊಕ್ಕದ ಜಾಡು ಹಿಡಿಯುವವರು ನಮ್ಮೂರಲ್ಲೇ ತಯಾರಾಗಲಿ

2024ರ ಅಕ್ಟೋಬರ್ ಕೊನೆಯಲ್ಲಿ ನಮ್ಮ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಎಸ್‌ಬಿಐ ಶಾಖೆಗೆ ನುಗ್ಗಿದ ಕಳ್ಳರು, ಜನ ಅಡ ಇಟ್ಟಿದ್ದ 17 ಕೆ.ಜಿ.ಗೂ ಹೆಚ್ಚು ಬಂಗಾರ ಹೊತ್ತೊಯ್ದರು. ಮರುವರ್ಷ ಮಾರ್ಚ್ ಹೊತ್ತಿಗೆ ನಮ್ಮ ಜಿಲ್ಲಾ ಪೊಲೀಸರು ಅದನ್ನು ತಮಿಳುನಾಡಿನ ಮಧುರೈ ಕಡೆಯ ಬಾವಿಯೊಂದರಿಂದ ಮೇಲೆತ್ತಿ ತಂದರು. ಮಗಳ ಮದುವೆಗೆಂದು ಮಾಡಿಸಿದ ಒಡವೆ ಹೋಯಿತಲ್ಲ ಎಂದು ಅತ್ತಿದ್ದ ಮನೆಗಳಲ್ಲಿ ಅಂದು ಹಬ್ಬ. ಆ ತನಿಖೆ ಮಾಡಿದವರಿಗೆ ಇವತ್ತಿಗೂ ಕೈಮುಗಿಯುತ್ತೇನೆ.

ಆದರೆ ಒಂದು ಫೋನ್ ಕರೆಗೆ ಹೆದರಿ ಕಳಿಸಿದ ರೊಕ್ಕ ಹೀಗೆ ವಾಪಸ್ ಬಂದದ್ದನ್ನು ನಾನು ಕಂಡದ್ದು ಕಡಿಮೆ. ಬಂಗಾರ ಕದ್ದವನು ಅದನ್ನು ಎಲ್ಲಾದರೂ ಬಚ್ಚಿಡಲೇಬೇಕು. ಖಾತೆಯಿಂದ ಹೋದ ರೊಕ್ಕ ಮೊದಲು ಯಾರದೋ ಬಾಡಿಗೆ ಖಾತೆಗೆ ಬೀಳುತ್ತದೆ, ನಿಮಿಷಗಳಲ್ಲಿ ಅಲ್ಲಿಂದ ಹತ್ತಾರು ಖಾತೆಗಳಿಗೆ ಚದುರುತ್ತದೆ, ಆಮೇಲೆ ಕಾಣದ ಊರಿನ ಎಟಿಎಂನಲ್ಲಿ ನಗದಾಗುತ್ತದೆ, ಇಲ್ಲವೇ ಕ್ರಿಪ್ಟೋ ಆಗಿ ದೇಶ ದಾಟುತ್ತದೆ. ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ, ಸೈಬರ್ ವಂಚಕರಿಗೆ ದೇಶದ ಜನ ಕಳೆದುಕೊಂಡದ್ದು 2023ರಲ್ಲಿ 7,465 ಕೋಟಿ ರೂಪಾಯಿ, 2024ರಲ್ಲಿ 22,845 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು.

ಇದಕ್ಕೆ ಉತ್ತರದ ಒಂದು ಭಾಗ ನಮ್ಮೂರಲ್ಲೇ ಇದೆ ಎಂದು ನಂಬಿದ್ದೇನೆ. ದಾವಣಗೆರೆ ವಿಶ್ವವಿದ್ಯಾಲಯವೂ ಇಲ್ಲಿನ ಬ್ಯಾಂಕುಗಳೂ ಕೂಡಿ, ಹಣಕಾಸು ಅಪರಾಧದ ತನಿಖೆ ಕಲಿಸುವ ಕೋರ್ಸನ್ನು ವಿಶ್ವವಿದ್ಯಾಲಯದ ಕ್ಯಾಂಪಸ್ಸಾದ ಶಿವಗಂಗೋತ್ರಿಯಲ್ಲೇ ತೆರೆಯಬೇಕು. ಅದರಲ್ಲಿ ಬ್ಯಾಂಕು ಒಡಂಬಡಿಕೆಗೆ ಸಹಿ ಹಾಕಿ, ಶಾಲು ಹೊದಿಸಿಕೊಂಡು ಹೋದರೆ ಸಾಲದು. ತನ್ನ ಕಡತಗಳನ್ನೂ ತನ್ನ ಅನುಭವಸ್ಥರನ್ನೂ ಕೊಡಬೇಕು.

ನಾನು ಬಿ.ಕಾಂ. ಮಕ್ಕಳಿಗೆ ಆಡಿಟಿಂಗ್ ಪಾಠ ಮಾಡುವವಳು. ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಸಿಬಿಐ ಅಧಿಕಾರಿ ಎಂದುಕೊಂಡು ವಿಡಿಯೊ ಕರೆಯಲ್ಲಿ ಬಂದವನೊಬ್ಬ ಅವರನ್ನು ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ, ಬ್ಯಾಂಕಿನಲ್ಲಿಟ್ಟಿದ್ದ ಗ್ರ್ಯಾಚುಟಿ ರೊಕ್ಕವನ್ನೆಲ್ಲ ತೆಗೆಸಿಕೊಂಡ. ಅವರ ಜತೆ ಠಾಣೆಗೆ ಹೋಗಿದ್ದೆ. ಸಿಬ್ಬಂದಿ ಮರ್ಯಾದೆಯಿಂದ ಕೂರಿಸಿ ಮಾತಾಡಿಸಿದರು, ಕಾಳಜಿಗೆ ಏನೂ ಕೊರತೆ ಇರಲಿಲ್ಲ. ಬ್ಯಾಂಕಿನಿಂದ ಬಂದಿದ್ದ ಸ್ಟೇಟ್‌ಮೆಂಟಿನ ಕಟ್ಟು ಬಿಚ್ಚಿ ಮುಂದಿಟ್ಟ ಹೆಡ್ ಕಾನ್‌ಸ್ಟೇಬಲ್, “ಮೇಡಂ, ನೀವು ಕಾಮರ್ಸ್‌ನೋರಂತಲ್ಲ. ಇದರಾಗ ಮೇಷ್ಟ್ರ ರೊಕ್ಕ ಯಾ ಕಡಿಗೆ ಹೋಗೇತಿ ಅಂತ ಒಂದೀಟು ನೋಡಿ ಹೇಳ್ರಿ” ಎಂದರು.

ಕೂತು ನೋಡಿದೆ. ಮೇಷ್ಟ್ರ ರೊಕ್ಕ ಹೋಗಿ ಬಿದ್ದಿದ್ದ, ಸಣ್ಣ ಅಂಗಡಿಯೊಂದರ ಹೆಸರಿನಲ್ಲಿ ತೆರೆದ ಚಾಲ್ತಿ ಖಾತೆ ಅದು. ತಿಂಗಳುಗಟ್ಟಲೆ ನೂರಿನ್ನೂರು ರೂಪಾಯಿ ದಾಟದ ಬ್ಯಾಲೆನ್ಸ್. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಲಕ್ಷಗಳು ಬಂದಿವೆ, ಬಂದಷ್ಟೂ ಹೋಗಿವೆ, ಸಂಜೆಗೆ ಖಾತೆ ಮತ್ತೆ ಬರಿದು. ಮೇಷ್ಟ್ರ ರೊಕ್ಕ ಇನ್ಯಾರದೋ ರೊಕ್ಕದ ಜತೆ ಬೆರೆತು, ಬೇರೆ ಬೇರೆ ಮೊತ್ತಗಳಾಗಿ ಒಡೆದು ಹೊರಗೆ ಹೋಗಿತ್ತು. ಹೊರಹೋದ ಪ್ರತಿ ಸಾಲಿನ ಯುಟಿಆರ್ ನಂಬರ್ (ಪ್ರತಿ ಹಣ ವರ್ಗಾವಣೆಗೂ ಬೀಳುವ ಗುರುತಿನ ಸಂಖ್ಯೆ) ಹಿಡಿದು ಮುಂದಿನ ಬ್ಯಾಂಕನ್ನು ಕೇಳಬೇಕು, ಅವರ ಉತ್ತರ ಹಿಡಿದು ಅದರ ಮುಂದಿನ ಬ್ಯಾಂಕನ್ನು. ವೋಚರ್ ಹಿಡಿದು ಲೆಕ್ಕದ ಮೂಲಕ್ಕೆ ಹೋಗುವ, ನಾವು ಮೊದಲ ತಿಂಗಳಲ್ಲೇ ಹೇಳಿಕೊಡುವ ಪಾಠದ್ದೇ ಕ್ರಮ ಇದು. ನನ್ನ ಕೊನೆಯ ವರ್ಷದ ಮಕ್ಕಳಿಗೆ ಇದು ಬರುತ್ತದೆ, ಆದರೆ ಮಹಜರು ಎಂದರೇನು, ಹೇಳಿಕೆ ಹೇಗೆ ಬರೆಯಬೇಕು ಎಂದು ಅವರಿಗೆ ಗೊತ್ತಿಲ್ಲ. ಅವೆರಡರಲ್ಲೂ ಪಳಗಿದ ಆ ಹೆಡ್ ಕಾನ್‌ಸ್ಟೇಬಲ್‌ಗೆ ಸ್ಟೇಟ್‌ಮೆಂಟ್ ಓದುವುದನ್ನು ಯಾರೂ ಕಲಿಸಿಲ್ಲ. ಇವರಿಬ್ಬರನ್ನು ಒಂದೇ ತರಗತಿಯಲ್ಲಿ ಕೂರಿಸುವ ಜಾಗ ಇಡೀ ಜಿಲ್ಲೆಯಲ್ಲಿ ಇಲ್ಲವಲ್ಲ ಎಂದು ಅಂದಿನಿಂದ ಕೊರೆಯುತ್ತಿದೆ.

ಕಲಿಸುವ ಜಾಗಗಳು ರಾಜ್ಯದಲ್ಲಿ ಇಲ್ಲವೆಂದಲ್ಲ. ಬೆಂಗಳೂರಿನ ಸಿಐಡಿಯಲ್ಲಿ ಇನ್ಫೋಸಿಸ್ ಫೌಂಡೇಶನ್ ಮತ್ತು ಡೇಟಾ ಸೆಕ್ಯುರಿಟಿ ಕೌನ್ಸಿಲ್ ಜತೆಗೂಡಿ ಕಟ್ಟಿದ ಸೈಬರ್ ಅಪರಾಧ ತನಿಖಾ ತರಬೇತಿ ಕೇಂದ್ರ ಒಳ್ಳೆಯ ಕೆಲಸ ಮಾಡುತ್ತಿದೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿದೆ. ಸಿ.ಎ. ಆದವರಿಗೆ ಲೆಕ್ಕದೊಳಗಿನ ವಂಚನೆ ಪತ್ತೆಹಚ್ಚುವುದನ್ನು ಕಲಿಸುವ ಅವರ ಸಂಸ್ಥೆಯದೇ ಫೊರೆನ್ಸಿಕ್ ಅಕೌಂಟಿಂಗ್ ಕೋರ್ಸ್ ಇದೆ, ಬ್ಯಾಂಕ್ ನೌಕರರಿಗೆ ಅವರದೇ ಪರೀಕ್ಷೆಗಳಿವೆ. ಆದರೆ ಇವೆಲ್ಲ ಆಗಲೇ ಒಳಗಿರುವವರಿಗೆ, ಇಲ್ಲವೇ ಊರು ಬಿಟ್ಟು ಹೋಗಿ ಓದಬಲ್ಲವರಿಗೆ. ಜಗಳೂರಿನಿಂದ ಬೆಳಗಿನ ಬಸ್ಸಿಗೆ ಬಂದು ಬಿ.ಕಾಂ. ಮುಗಿಸಿ, ಗಾಂಧಿ ಸರ್ಕಲ್ ಹತ್ತಿರದ ಆಡಿಟರ್ ಆಫೀಸಿನಲ್ಲಿ ಜಿಎಸ್‌ಟಿ ರಿಟರ್ನ್ ತುಂಬುವ ಹುಡುಗಿಗೆ ಅಲ್ಲಿ ಬಾಗಿಲಿಲ್ಲ.

ಮಧ್ಯ ಕರ್ನಾಟಕದಲ್ಲೇ ಕಲಿಸಬೇಕು ಎನ್ನುವುದಕ್ಕೆ ಇನ್ನೂ ಗಟ್ಟಿ ಕಾರಣ ಇದೆ. ಇಲ್ಲಿನ ರೊಕ್ಕ ಇಲ್ಲಿನ ಬೆಳೆಯ ಹಿಂದೆ ಓಡಾಡುತ್ತದೆ. ಚನ್ನಗಿರಿಯಲ್ಲಿ ಅಡಿಕೆ ಸೀಸನ್ ಬಂತೆಂದರೆ ಒಂದೊಂದು ಖಾತೆಯಿಂದ ಲಕ್ಷಗಟ್ಟಲೆ ನಗದು ಎತ್ತುತ್ತಾರೆ. ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಬರುವಾಗ ದಲಾಲರ ಖಾತೆಗಳು ಉಕ್ಕುತ್ತವೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಲೆಕ್ಕ ಶೇಂಗಾ ಬೆಳೆಯ ಮೇಲೆ ನಿಂತಿದೆ. ತಿಂಗಳಲ್ಲಿ 10 ಲಕ್ಷ ಮೀರಿದ ನಗದು ವ್ಯವಹಾರವನ್ನು ಬ್ಯಾಂಕು ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ವರದಿ ಮಾಡಬೇಕೆಂಬುದು ನಿಯಮ. ದೂರದ ಊರಿನಲ್ಲಿ ಕಂಪ್ಯೂಟರ್ ಮುಂದೆ ಕೂತವರಿಗೆ ಅಡಿಕೆ ಬೆಳೆಗಾರನ ನಗದು ಸಂಶಯ ತರಿಸಬಹುದು. ಈ ಸೀಮೆಯಲ್ಲಿ ಹುಟ್ಟಿ ಬೆಳೆದವರು ಅದನ್ನು ದಾಟಿ, ನಿಜವಾಗಿ ಅಸಹಜವಾದದ್ದರ ಮೇಲೆ ಬೆರಳಿಡುತ್ತಾರೆ: ಮೊಳಕಾಲ್ಮೂರಿನ ಒಣಭೂಮಿಯ ರೈತನ ಖಾತೆಗೆ, ಹೊಲದಲ್ಲಿ ಏನೂ ಇಲ್ಲದ ಬೇಸಿಗೆಯಲ್ಲಿ, ‘ಬೆಳೆ ಮಾರಿದ ಹಣ’ ಎಂದು ಬಂದ ಎಂಬತ್ತು ಲಕ್ಷ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದಿರುವುದು ರೈತನ ನ್ಯಾಯವಾದ ಹಕ್ಕು. ಅದೇ ಹಕ್ಕಿನ ಮರೆಯಲ್ಲಿ ಯಾರದೋ ಕಪ್ಪು ಹಣ ಬಿಳಿಯಾಗುವುದೂ ಇದೆ. ಬಿಲ್ಲಿಲ್ಲದೆ ನಡೆಯುವ ಬಿಳಿ ಚೀಟಿ ವ್ಯಾಪಾರ ಎಂದರೇನು, ಮಾಲು ಎಲ್ಲಿ ತೂಗಿದರು, ಲಾರಿ ಯಾವ ಹೆಸರಿನಲ್ಲಿ ಹೋಯಿತು ಎನ್ನುವುದು ಮಂಡಿ ಗುಮಾಸ್ತನ ಮಗನಿಗೆ ಎಳವೆಯಿಂದಲೇ ಗೊತ್ತು. ಆ ತಿಳಿವಳಿಕೆಗೆ ಕಾನೂನಿನ ಓದು ಸೇರಿಸಿದರೆ ಅವನಂಥ ತನಿಖಾಧಿಕಾರಿ ಬೇರೆಲ್ಲಿ ಸಿಗುತ್ತಾನೆ?

ತರಬೇತಿ ಕೊಡುವ ಕೆಲಸ ಬ್ಯಾಂಕುಗಳಿಗೆ ಹೊಸದಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ, ಸ್ವಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆ ಶುರು ಮಾಡಿದವು. ಚಿತ್ರದುರ್ಗದಲ್ಲೂ ಅದರ ಕೇಂದ್ರ ಇದೆ. ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿ ಕಲಿತು ಸ್ವಂತ ಕಾಲ ಮೇಲೆ ನಿಂತವರು ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಎಷ್ಟೋ ಮಂದಿ. ಆ ಮಾದರಿ ಆಮೇಲೆ ದೇಶದ ಜಿಲ್ಲೆ ಜಿಲ್ಲೆಗೂ ಹೋಯಿತು. ಸಾಲ ತೆಗೆದುಕೊಂಡು ದುಡಿಯುವವರನ್ನು ತಯಾರು ಮಾಡಲು ಬ್ಯಾಂಕುಗಳು ಅಷ್ಟು ಶ್ರದ್ಧೆ ತೋರಿದ್ದವು. ಠೇವಣಿ ಇಟ್ಟವರನ್ನು ಕಾಯುವವರ ವಿಷಯದಲ್ಲೂ ಅಷ್ಟೇ ಶ್ರದ್ಧೆ ಕೇಳುವುದು ಹೆಚ್ಚಾಯಿತೇ?

ಏನು ಕೊಡಬೇಕು ಎಂದರೆ, ಮೊದಲನೆಯದಾಗಿ ಮುಗಿದ ಪ್ರಕರಣಗಳ ಕಡತ. ಹೆಸರು, ಖಾತೆ ಸಂಖ್ಯೆ ಅಳಿಸಿ, ವಹಿವಾಟಿನ ಸಾಲುಗಳನ್ನು ಇದ್ದ ಹಾಗೇ ಬಿಡಲಿ. ಗ್ರಾಹಕರ ಗುಟ್ಟು ಬಿಟ್ಟುಕೊಡಲಾಗದು ಎಂಬ ಮಾತು ಬಂದೇ ಬರುತ್ತದೆ, ಅದು ಸರಿಯಾದ ಮಾತೇ. ಸಂಶಯಾಸ್ಪದ ವಹಿವಾಟಿನ ವರದಿ ಹೋಗಿದೆ ಎಂಬ ವಿಷಯವನ್ನೇ ಬ್ಯಾಂಕು ಹೊರಗೆ ಬಿಡುವಂತಿಲ್ಲ, ಅಂಥದ್ದನ್ನು ತರಗತಿಗೆ ತರಬೇಕೆಂದು ಯಾರೂ ಕೇಳಬಾರದು. ನ್ಯಾಯಾಲಯದಲ್ಲಿ ತೀರ್ಪಾಗಿ, ದಾಖಲೆಗಳೆಲ್ಲ ನಿಶಾನೆಗಳಾಗಿ (ಕೋರ್ಟು ಗುರುತು ಹಾಕಿದ ಸಾಕ್ಷ್ಯಗಳಾಗಿ) ಮುಗಿದ ಪ್ರಕರಣಗಳು ಬೇಕಾದಷ್ಟಿವೆ. ನಕಲಿ ಬಂಗಾರ ಅಡ ಇಟ್ಟು ಎತ್ತಿದ ಸಾಲ, ಇಲ್ಲದ ಗೋದಾಮಿನ ಮೇಲೆ ಕೊಟ್ಟ ಸಾಲ, ಸತ್ತವರ ಹೆಸರಿನ ಖಾತೆ. ಮಕ್ಕಳು ಇವನ್ನು ಕಾಗದದಲ್ಲಿ ಕೈಯಿಟ್ಟು ಬಿಡಿಸಬೇಕು. ನಾನು ಬೋರ್ಡಿನ ಮೇಲೆ ‘ವಂಚನೆಯ ವಿಧಗಳು’ ಎಂದು ಬರೆದು ಪಾಠ ಮಾಡಿದರೆ ಅದು ಪರೀಕ್ಷೆ ಮುಗಿಯುವವರೆಗೆ ಉಳಿಯುತ್ತದೆ, ಅಷ್ಟೇ.

ಅರೆಬರೆ ತನಿಖೆಯ ಪೆಟ್ಟು ಬೀಳುವುದು ಬಡವರಿಗೆ. ವಂಚಕನೊಬ್ಬ ಎಲ್ಲೋ ಟೀ ಕುಡಿದು ಯುಪಿಐನಲ್ಲಿ ಇಪ್ಪತ್ತು ರೂಪಾಯಿ ಕೊಟ್ಟಿರುತ್ತಾನೆ. ಬೇರೆ ರಾಜ್ಯದ ಠಾಣೆಯಿಂದ ಬಂದ ಒಂದು ಇ-ಮೇಲ್‌ಗೆ ಆ ಟೀ ಅಂಗಡಿಯವನ ಖಾತೆ ಪೂರ್ತಿ ಫ್ರೀಜ್. ಅವನು ಬ್ಯಾಂಕಿಗೆ ಹೋದರೆ ಪೊಲೀಸರನ್ನು ಕೇಳು ಎನ್ನುತ್ತಾರೆ, ಆ ಪೊಲೀಸರಿರುವುದು ಅವನಿಗೆ ಬಾರದ ಭಾಷೆಯ ಊರಿನಲ್ಲಿ. ಸಂಶಯ ಇರುವ ಮೊತ್ತವನ್ನಷ್ಟೇ ತಡೆಹಿಡಿಯಬೇಕು, ಇಡೀ ಖಾತೆಯನ್ನಲ್ಲ ಎಂದು ಕೇರಳ ಹೈಕೋರ್ಟ್ ಇಂಥದೇ ಪ್ರಕರಣದಲ್ಲಿ ಹೇಳಿದೆ. ಎಷ್ಟು ಮೊತ್ತ, ಯಾವ ಸಾಲಿನದು ಎಂದು ಬಿಡಿಸಿ ಹೇಳಬಲ್ಲ ಒಬ್ಬರು ಠಾಣೆಯಲ್ಲೂ ಒಬ್ಬರು ಬ್ಯಾಂಕಿನಲ್ಲೂ ಇದ್ದರೆ ಟೀ ಅಂಗಡಿ ನಿಲ್ಲುವುದಿಲ್ಲ.

ಕೋರ್ಟಿನ ಮಾತು ಬಂತು. ಕಾಗದ ಸರಿಯಿಲ್ಲದೆ ಬಿದ್ದುಹೋಗುವ ಕೇಸುಗಳ ಸಂಕಟ ವಕೀಲ ಗೆಳೆಯರಿಗೆ ಗೊತ್ತು. ಬ್ಯಾಂಕಿನ ಲೆಕ್ಕಪುಸ್ತಕವನ್ನು ಸಾಕ್ಷ್ಯವಾಗಿ ಒಪ್ಪುವ ಕಾಯಿದೆ 1891ರದು, ಈಗಲೂ ಅದೇ ನಡೆಯುತ್ತಿದೆ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಗೆ ಸರ್ಟಿಫಿಕೇಟ್ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಖಚಿತಪಡಿಸಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಆ ಸರ್ಟಿಫಿಕೇಟಿಗೆ ಎರಡು ಭಾಗಗಳು, ಎರಡನೆಯದಕ್ಕೆ ತಜ್ಞರ ಸಹಿ, ಜತೆಗೆ ದಾಖಲೆಯನ್ನು ತಿದ್ದಿಲ್ಲವೆಂದು ತೋರಿಸುವ ಗುರುತಾದ ಹ್ಯಾಶ್ ವ್ಯಾಲ್ಯೂ. ಶಾಖೆಯ ಮ್ಯಾನೇಜರು ಇದನ್ನು ಎಲ್ಲಿ ಕಲಿತಿರುತ್ತಾರೆ? ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು, ಸೀಲು ಒತ್ತಿ, ಕಳಿಸಿಬಿಡುತ್ತಾರೆ. ಹಾಗಾಗಿ ಈ ತರಗತಿಯಲ್ಲಿ ಬ್ಯಾಂಕಿನವರೂ ವಿದ್ಯಾರ್ಥಿಗಳಾಗಿ ಕೂರಬೇಕು. ಸಹಕಾರ ಇಲಾಖೆಯ ಲೆಕ್ಕಪರಿಶೋಧಕರೂ ಬರಲಿ, ಪತ್ತಿನ ಸಂಘಗಳು ಮುಳುಗಿದಾಗ ಮೊದಲು ಕಾಗದ ನೋಡುವವರು ಅವರೇ.

ಪಾಠ ಕನ್ನಡದಲ್ಲಿ ನಡೆಯಬೇಕು. ಬ್ಯಾಂಕಿನ ಕಾಗದವೆಲ್ಲ ಇಂಗ್ಲಿಷಿನಲ್ಲಿದ್ದರೂ ದೂರು, ಹೇಳಿಕೆ, ಮಹಜರು, ದೋಷಾರೋಪ ಪಟ್ಟಿ ಇಲ್ಲಿ ಬರೆಯುವುದು ಕನ್ನಡದಲ್ಲೇ. ಹತ್ತು ಖಾತೆ ಸುತ್ತಿ ಬಂದ ರೊಕ್ಕದ ಕತೆಯನ್ನು ನ್ಯಾಯಾಧೀಶರಿಗೆ ಸ್ಪಷ್ಟವಾಗುವ ಹಾಗೆ ಕನ್ನಡದಲ್ಲಿ ಎರಡು ಪುಟ ಬರೆಯಲು ಬರದಿದ್ದರೆ ಉಳಿದ ಕಲಿಕೆಯೆಲ್ಲ ಇದ್ದೂ ಕೇಸು ನಿಲ್ಲುವುದಿಲ್ಲ.

ನನಗೂ ಒಂದು ಅಳುಕಿದೆ. ದುಡ್ಡು ಹಾಕಿದ ಬ್ಯಾಂಕು ಪಠ್ಯವನ್ನೂ ತನ್ನ ಕೈಗೆ ತೆಗೆದುಕೊಂಡರೆ, ತಪ್ಪೆಲ್ಲ ಗ್ರಾಹಕನದೇ ಎಂದು ಕಲಿಸುವ ಕೋರ್ಸ್ ಆಗಿಬಿಡುತ್ತದೆ. “ಒಟಿಪಿ ಕೊಟ್ಟದ್ದು ನೀವೇ ಅಲ್ಲವೇ” ಎಂದು ಮೇಷ್ಟ್ರಂಥವರನ್ನು ಕೇಳಿ ಕಳಿಸುವುದು ಸುಲಭ. ವಿಳಾಸ ನೋಡದೆ ಚಾಲ್ತಿ ಖಾತೆ ತೆರೆದುಕೊಟ್ಟವರು ಯಾರು, ಬರಿದಾಗಿದ್ದ ಖಾತೆಯಲ್ಲಿ ಒಂದೇ ದಿನ ಲಕ್ಷಗಳು ಹರಿದಾಗ ಎಚ್ಚರಿಕೆಯ ಗಂಟೆ ಯಾಕೆ ಬಾರಿಸಲಿಲ್ಲ, ಒಳಗಿನವರ ಕೈ ಇತ್ತೇ ಎಂಬ ಪ್ರಶ್ನೆಗಳೂ ಅಷ್ಟೇ ಬಲವಾಗಿ ಪಠ್ಯದಲ್ಲಿ ಇರಬೇಕು. ಆದ್ದರಿಂದ ಪಠ್ಯ ಬರೆಯುವುದು, ಪರೀಕ್ಷೆ ನಡೆಸುವುದು ವಿಶ್ವವಿದ್ಯಾಲಯದ ಕೈಯಲ್ಲೇ ಇರಲಿ. ಒಂದೇ ಬ್ಯಾಂಕಿಗೆ ಕಟ್ಟಿಬೀಳುವುದೂ ಬೇಡ.

ಇನ್ನೊಂದು ವಿಷಯ ಹೇಳುವಾಗ ಕರುಳು ಚುರ್ರೆನ್ನುತ್ತದೆ. ಬಾಡಿಗೆ ಖಾತೆ ಕೊಡುವವರಲ್ಲಿ ಕಾಲೇಜು ಹುಡುಗರಿದ್ದಾರೆ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಯಾರಿಗೋ ಕೊಟ್ಟು ಕೆಲವು ಸಾವಿರ ಪಡೆದು, ಆಮೇಲೆ ಆರೋಪಿಯಾಗಿ ನಿಲ್ಲುತ್ತಾರೆ. ಪಾಸಾಗಿ ವರ್ಷಗಟ್ಟಲೆ ಕೆಲಸವಿಲ್ಲದೆ ಅಲೆಯುವ ಹುಡುಗನ ಮುಂದೆ ಆ ಸಾವಿರಗಳು ದೊಡ್ಡದಾಗಿಯೇ ಕಾಣುತ್ತವೆ. ಅದೇ ಹುಡುಗನಿಗೆ ಜಾಡು ಹಿಡಿಯುವ ವಿದ್ಯೆ ಕಲಿಸಿ, ಬ್ಯಾಂಕಿನ ವಹಿವಾಟು ನಿಗಾ ವಿಭಾಗದಲ್ಲೋ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಠಾಣೆಯಲ್ಲಿ ಸಹಾಯಕನಾಗಿಯೋ ಕೆಲಸ ಕೊಡಬಹುದು. ಕೋರ್ಸ್ ಮುಗಿಸಿದವರಲ್ಲಿ ಇಷ್ಟು ಮಂದಿಯನ್ನು ತೆಗೆದುಕೊಳ್ಳುತ್ತೇವೆ ಎಂದು ಬ್ಯಾಂಕುಗಳು ಒಡಂಬಡಿಕೆಯಲ್ಲೇ ಬರೆದುಕೊಡಲಿ.

2009ರಲ್ಲಿ ಹುಟ್ಟಿದ ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ದಾವಣಗೆರೆ, ಚಿತ್ರದುರ್ಗ ಎರಡೂ ಇವೆ. ಶಿವಗಂಗೋತ್ರಿ ಇರುವ ತೋಳಹುಣಸೆಯಲ್ಲಿ ವಾಣಿಜ್ಯ ವಿಭಾಗ ಇದೆ, ಚಿತ್ರದುರ್ಗದ ಜಿ.ಆರ್. ಹಳ್ಳಿಯಲ್ಲಿ ಸ್ನಾತಕೋತ್ತರ ಕೇಂದ್ರ ಇದೆ, ಊರೊಳಗೆ ಕಾನೂನು ಕಾಲೇಜಿದೆ. ಹೊಸ ಕಟ್ಟಡ ಬೇಡ. ಶನಿವಾರ, ಭಾನುವಾರದ ತರಗತಿಗಳು, ಒಂದು ವರ್ಷದ ಡಿಪ್ಲೊಮಾ, ಮೊದಲ ತಂಡಕ್ಕೆ 30 ಸೀಟು ಸಾಕು. ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕ್ ಕರೆಯುವ ಜಿಲ್ಲಾ ಬ್ಯಾಂಕರುಗಳ ಸಭೆಯಲ್ಲಿ ಪ್ರತಿ ಸಲ ಸಾಲದ ಗುರಿ ಎಷ್ಟು ಮುಟ್ಟಿತು ಎಂದು ಓದುತ್ತಾರೆ. ಮುಂದಿನ ಸಭೆಯ ವಿಷಯಪಟ್ಟಿಗೆ ಇದೊಂದನ್ನು ಸೇರಿಸಿ ಎಂದು ಜಿಲ್ಲಾಡಳಿತಕ್ಕೂ ಕುಲಪತಿಯವರಿಗೂ ಮನವಿ ಬರೆದಿದ್ದೇನೆ, ಈ ವಾರ ಕೊಡುತ್ತೇನೆ. ಆಡಿಟಿಂಗ್ ಪತ್ರಿಕೆಯ ಪಠ್ಯ ನಾನು ಸಂಬಳವಿಲ್ಲದೆ ಬರೆದುಕೊಡುತ್ತೇನೆ. ವಿದ್ಯಾನಗರ, ಎಂಸಿಸಿ ‘ಬಿ’ ಬ್ಲಾಕ್ ಕಡೆ ನಿವೃತ್ತ ಬ್ಯಾಂಕ್ ಅಧಿಕಾರಿಗಳು ತುಂಬಾ ಜನ ಇದ್ದೀರಿ, ಇನ್‌ಸ್ಪೆಕ್ಷನ್ ಮತ್ತು ವಿಜಿಲೆನ್ಸ್‌ನಲ್ಲಿ ಕೆಲಸ ಮಾಡಿದವರೂ ಇದ್ದೀರಿ. ನಿಮ್ಮಲ್ಲಿ ವಾರಕ್ಕೊಂದು ತರಗತಿ ತೆಗೆದುಕೊಳ್ಳಬಲ್ಲವರು ದಯವಿಟ್ಟು ಹೆಸರು ಕೊಡಿ, ಮನವಿಯ ಜತೆ ಆ ಪಟ್ಟಿಯನ್ನೂ ಲಗತ್ತಿಸುತ್ತೇನೆ.