ಬ್ರೇ ಬಂಗಲೆ ಬಿಟ್ಟ ಮೇಲೆ ಹ್ಯಾಮರ್ ಸೊರಗಿತು

ಬ್ರಿಟನ್ನಿನ ಹಾರರ್ ಸಿನಿಮಾ ಕಂಪನಿ ಹ್ಯಾಮರ್ ಮುಳುಗಿದ್ದು ಯಾಕೆ ಅಂತ ಹಾರರ್ ಸಿನಿಮಾ ಹುಚ್ಚಿರುವವರನ್ನು ಕೇಳಿ ನೋಡಿ. ಬಹಳ ಜನ ಒಂದೇ ಉತ್ತರ ಕೊಡುತ್ತಾರೆ. 1973ರಲ್ಲಿ 'ದಿ ಎಕ್ಸಾರ್ಸಿಸ್ಟ್' ಬಂತು, ಅದರ ಮುಂದೆ ಕಪ್ಪು ನಿಲುವಂಗಿಯ ಡ್ರಾಕುಲಾಗೆ ಯಾರೂ ಹೆದರಲಿಲ್ಲ, ಅಲ್ಲಿಗೆ ಮುಗೀತು. ಪೂರ್ತಿ ಸುಳ್ಳಲ್ಲ. ಆದರೆ ನನ್ನ ಪ್ರಕಾರ ಪೆಟ್ಟು ಬಿದ್ದಿದ್ದು ಅದಕ್ಕಿಂತ ಏಳು ವರ್ಷ ಮೊದಲು, 1966ರಲ್ಲಿ. ಥೇಮ್ಸ್ ನದಿ ದಡದ ಬ್ರೇ ಅನ್ನುವ ಹಳೇ ಬಂಗಲೆ ಸ್ಟುಡಿಯೋದಿಂದ ಅವರು ಗಂಟುಮೂಟೆ ಕಟ್ಟಿದ ವರ್ಷ ಅದು.

ಕಂಪನಿ ಶುರುವಾಗಿದ್ದು 1934ರಲ್ಲಿ. ವಿಲಿಯಂ ಹಿಂಡ್ಸ್ ಅಂತ ಒಬ್ಬ ವ್ಯಾಪಾರಿ. ವ್ಯಾಪಾರದ ಜೊತೆಗೆ ವಿಲ್ ಹ್ಯಾಮರ್ ಅನ್ನುವ ಹೆಸರಿನಲ್ಲಿ ಸ್ಟೇಜ್ ಮೇಲೆ ಹಾಸ್ಯ ಮಾಡುತ್ತಿದ್ದರು. ಕಂಪನಿಗೂ ಅದೇ ಹೆಸರು ಬಂತು. ಸ್ಪೇನ್‌ನಿಂದ ಬಂದು ಥಿಯೇಟರ್ ನಡೆಸುತ್ತಿದ್ದ ಎನ್ರೀಕೆ ಕರೇರಾಸ್ ಜೊತೆ ಸೇರಿ ಎಕ್ಸ್‌ಕ್ಲೂಸಿವ್ ಅನ್ನುವ ವಿತರಣಾ ಸಂಸ್ಥೆಯನ್ನೂ ಕಟ್ಟಿದರು. 1937ರಲ್ಲಿ ಹ್ಯಾಮರ್ ದಿವಾಳಿ. ವಿತರಣೆ ಮಾತ್ರ ಉಳಿಯಿತು. ಯುದ್ಧ ಮುಗಿದ ಮೇಲೆ ಎನ್ರೀಕೆಯವರ ಮಗ ಜೇಮ್ಸ್, ಹಿಂಡ್ಸ್ ಅವರ ಮಗ ಆಂಟನಿ ಮತ್ತೆ ಕಂಪನಿ ಎಬ್ಬಿಸಿದರು. ಜೇಮ್ಸ್ ಮಗ ಮೈಕಲ್ ಕೂಡ ಬಂದು ಸೇರಿದರು. ಅಪ್ಪಟ ಮನೆತನದ ವ್ಯಾಪಾರ.

ದುಡ್ಡು ಕಮ್ಮಿ. ರೇಡಿಯೋದಲ್ಲಿ ಹೆಸರಾದ ಧಾರಾವಾಹಿಗಳನ್ನು ಸಿನಿಮಾ ಮಾಡಿದರೆ ಜನ ಹೇಗೂ ಬರುತ್ತಾರೆ ಅನ್ನುವ ಲೆಕ್ಕ. ಸ್ಟುಡಿಯೋ ಬಾಡಿಗೆ ಕೊಡುವ ಬದಲು ಊರಾಚೆಯ ದೊಡ್ಡ ಬಂಗಲೆ ಹಿಡಿದು ಅಲ್ಲೇ ಶೂಟಿಂಗ್. ಹೀಗೆ ಒಂದೆರಡು ಬಂಗಲೆ ಸುತ್ತಿ 1951ರಲ್ಲಿ ವಿಂಡ್ಸರ್ ಹತ್ತಿರದ ಡೌನ್ ಪ್ಲೇಸ್‌ಗೆ ಬಂದರು. ಅದೇ ಮುಂದೆ ಬ್ರೇ ಸ್ಟುಡಿಯೋ ಆಯಿತು.

ಆಗಿನ್ನೂ ಇವರು ಹಾರರ್ ಕಂಪನಿ ಅಲ್ಲ. 1955ರಲ್ಲಿ ಬಿಬಿಸಿಯ ಟಿವಿ ಧಾರಾವಾಹಿಯೊಂದನ್ನು ಎತ್ತಿಕೊಂಡು 'ದಿ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್' ಮಾಡಿದರು. ಆ ಕಾಲದಲ್ಲಿ ವಯಸ್ಕರ ಚಿತ್ರಕ್ಕೆ ಸೆನ್ಸಾರ್‌ನವರು 'ಎಕ್ಸ್' ಸರ್ಟಿಫಿಕೇಟ್ ಕೊಡುತ್ತಿದ್ದರು. ಬೇರೆಯವರು ಅದರಿಂದ ದೂರ ಓಡಿದರೆ ಇವರು ಆ ಎಕ್ಸ್ ಅಕ್ಷರವನ್ನೇ ಹೆಸರಿನಲ್ಲಿ ದಪ್ಪಗೆ ಹಾಕಿಕೊಂಡರು. ಎಂಥಾ ಚಾಲಾಕಿತನ ನೋಡಿ! ಚಿತ್ರ ಓಡಿತು. ಜನಕ್ಕೆ ಹೆದರಿಕೊಳ್ಳುವುದು ಇಷ್ಟ ಅನ್ನುವುದು ಇವರಿಗೆ ಗೊತ್ತಾಯಿತು.

1957ರಲ್ಲಿ 'ದಿ ಕರ್ಸ್ ಆಫ್ ಫ್ರಾಂಕನ್‌ಸ್ಟೈನ್'. ಖರ್ಚು ಸುಮಾರು 65 ಸಾವಿರ ಪೌಂಡ್. ಅಮೆರಿಕದ ಯೂನಿವರ್ಸಲ್ ಕಂಪನಿ ಕಣ್ಣಿಟ್ಟು ಕೂತಿತ್ತು. ತಮ್ಮ 1931ರ ಚಿತ್ರದ ದೆವ್ವದ ಮೇಕಪ್ ಇಲ್ಲೇನಾದರೂ ಕಾಣಿಸಿದರೆ ಕೇಸ್ ಗ್ಯಾರಂಟಿ. ಹಾಗಾಗಿ ಫಿಲ್ ಲೀಕಿ ಎಂಬ ಮೇಕಪ್‌ನವರು ಹೊಲಿಗೆ ಹಾಕಿದ, ಅರ್ಧ ಕೊಳೆತಂಥ ಹೊಸ ಮುಖ ಮಾಡಿದರು. ಅದರ ಹಿಂದೆ ಇದ್ದವರು ಆಗಿನ್ನೂ ಹೆಸರಿಲ್ಲದ ಕ್ರಿಸ್ಟಫರ್ ಲೀ. ಡಾಕ್ಟರ್ ಪಾತ್ರಕ್ಕೆ ಟಿವಿಯಿಂದ ಮನೆಮಾತಾಗಿದ್ದ ಪೀಟರ್ ಕುಶಿಂಗ್. ಇದೆಲ್ಲ ಬಣ್ಣದಲ್ಲಿ! ರಕ್ತ ಕೆಂಪಗೆ ಕಂಡಿತು. ವಿಮರ್ಶಕರು ಅಸಹ್ಯ ಅಂತ ಮೂಗು ಮುಚ್ಚಿಕೊಂಡರು. ಜನ ಕ್ಯೂ ನಿಂತರು.

ಮರುವರ್ಷ 'ಡ್ರಾಕುಲಾ'. ನನಗೆ ಇವತ್ತಿಗೂ ಹ್ಯಾಮರ್ ಅಂದರೆ ಇದೇ. ನಿರ್ದೇಶಕ ಟೆರೆನ್ಸ್ ಫಿಶರ್, ಬರೆದವರು ಜಿಮ್ಮಿ ಸ್ಯಾಂಗ್‌ಸ್ಟರ್, ಕ್ಯಾಮೆರಾ ಜ್ಯಾಕ್ ಆಶರ್. ಜೇಮ್ಸ್ ಬರ್ನಾರ್ಡ್ ಅವರ ಸಂಗೀತದಲ್ಲಿ ಮೂರು ಸ್ವರ ಬರುತ್ತದೆ, ಡ್ರಾ-ಕ್ಯು-ಲಾ ಅಂತ ಹೆಸರನ್ನೇ ಕೂಗಿದ ಹಾಗೆ. ಲೀ ಮೊದಲು ಮೆಟ್ಟಿಲಿಳಿದು ಬರುವಾಗ ಪಕ್ಕಾ ಜಂಟಲ್‌ಮನ್. ಅತಿಥಿಯ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಹೋಗುತ್ತಾನೆ. ಇವನು ದೆವ್ವವಾ ಅನ್ನಿಸಬೇಕು. ಸ್ವಲ್ಪ ಹೊತ್ತಿಗೆ ಕಣ್ಣು ಕೆಂಪು, ಕೋರೆಹಲ್ಲು, ಬಾಯಿ ತುಂಬಾ ರಕ್ತ. ಕೊನೆಯಲ್ಲಿ ಕುಶಿಂಗ್ ಊಟದ ಮೇಜಿನ ಮೇಲೆ ಓಡಿ, ಹಾರಿ, ಪರದೆ ಕಿತ್ತು ಬಿಸಿಲು ಒಳಗೆ ಬಿಡುತ್ತಾರೆ. ಆಮೇಲೆ ಎರಡು ಮೇಣದಬತ್ತಿ ಕಂಬಗಳನ್ನು ಅಡ್ಡ ಹಿಡಿದು ಶಿಲುಬೆ ಮಾಡುತ್ತಾರೆ. ಆ ಐಡಿಯಾ ಕುಶಿಂಗ್ ಅವರದ್ದೇ. ಡ್ರಾಕುಲಾ ಬೂದಿಯಾಗುವ ದೃಶ್ಯಕ್ಕೆ ಬ್ರಿಟಿಷ್ ಸೆನ್ಸಾರ್ ಕತ್ತರಿ ಹಾಕಿತ್ತು. ಅದರಲ್ಲಿ ಕೆಲವು ತುಣುಕುಗಳು ಐವತ್ತು ವರ್ಷ ದಾಟಿದ ಮೇಲೆ, 2011ರಲ್ಲಿ, ಟೋಕಿಯೋದ ಫಿಲ್ಮ್ ಸಂಗ್ರಹದಲ್ಲಿ ಸಿಕ್ಕವು.

ಈಗ ಬಂಗಲೆ ವಿಷಯ. ನಮ್ಮ ಹಳೇ ನಾಟಕ ಕಂಪನಿಗಳು ಹೇಗಿದ್ದವು? ಅದೇ ನಟರು, ಅದೇ ಪರದೆಗಳು, ಇವತ್ತು ಅರಮನೆಯಾಗಿದ್ದು ನಾಳೆ ಸ್ಮಶಾನ. ಬ್ರೇ ಕೂಡ ಹಾಗೇ. ಕಲಾ ನಿರ್ದೇಶಕ ಬರ್ನಾರ್ಡ್ ರಾಬಿನ್ಸನ್ ಒಂದೇ ಸೆಟ್ಟನ್ನು ಕಂಬ ತಿರುಗಿಸಿ, ಮೆಟ್ಟಿಲು ಸರಿಸಿ, ಬಣ್ಣ ಬಳಿದು ಮತ್ತೆ ಮತ್ತೆ ಬಳಸುತ್ತಿದ್ದರು. 'ಡ್ರಾಕುಲಾ: ಪ್ರಿನ್ಸ್ ಆಫ್ ಡಾರ್ಕ್‌ನೆಸ್' ಮುಗಿದ ಕೂಡಲೇ ಅದೇ ಸೆಟ್‌ನಲ್ಲಿ ರಾಸ್ಪುಟಿನ್ ಕಥೆ ಶೂಟ್ ಆಯಿತು. ಇನ್ನೊಂದು ಮಜಾ ಕೇಳಿ. ಸ್ಪೇನ್‌ನ ಧರ್ಮವಿಚಾರಣೆ ಬಗ್ಗೆ ಒಂದು ಚಿತ್ರ ಮಾಡಬೇಕು ಅಂತ ಸೆಟ್ ಹಾಕಿದರು. ಆ ಚಿತ್ರ ನಿಂತೇ ಹೋಯಿತು. ಹಾಕಿದ ಸೆಟ್ ಸುಮ್ನೆ ಬಿಡುವುದಾ? ಪ್ಯಾರಿಸ್‌ನಲ್ಲಿ ನಡೆಯುವ ತೋಳಮನುಷ್ಯನ ಕಾದಂಬರಿಯನ್ನು ಎತ್ತಿ ಸ್ಪೇನ್‌ಗೆ ತಂದು ಹಾಕಿದರು! ಅದು 1961ರಲ್ಲಿ ಆಲಿವರ್ ರೀಡ್ ನಟಿಸಿದ ಚಿತ್ರ. ಒಳ್ಳೆಯ ಚಿತ್ರ ಕೂಡ.

ಇದನ್ನು ಬರೀ ಜಿಪುಣತನ ಅಂತ ನಗಬೇಡಿ. ಒಂದೇ ತಂಡ, ಒಂದೇ ಜಾಗ, ವರ್ಷಗಟ್ಟಲೆ. ಲೈಟ್ ಯಾವ ಮೂಲೆಯಲ್ಲಿಟ್ಟರೆ ಆ ಹಾಲ್ ದೊಡ್ಡದಾಗಿ ಕಾಣುತ್ತದೆ ಅಂತ ಅವರಿಗೆ ನಿದ್ದೆಯಲ್ಲೂ ಗೊತ್ತಿತ್ತು. ಹಾಗಾಗಿಯೇ ಚಿಲ್ಲರೆ ದುಡ್ಡಿನ ಚಿತ್ರಗಳು ಶ್ರೀಮಂತವಾಗಿ ಕಂಡವು.

ಇನ್ನು 'ದಿ ಸ್ಟ್ರಾಂಗ್ಲರ್ಸ್ ಆಫ್ ಬಾಂಬೆ'. 1959ರಲ್ಲಿ ಬಂದ, ದಾರಿಹೋಕರ ಕುತ್ತಿಗೆಗೆ ಕರವಸ್ತ್ರ ಬಿಗಿದು ಕೊಂದು ದೋಚುತ್ತಿದ್ದ ಥಗ್ಗರ ಬಗ್ಗೆ ಇರುವ ಕಪ್ಪುಬಿಳುಪು ಚಿತ್ರ. ಇದನ್ನು ಹೊಗಳಲು ನನ್ನಿಂದಾಗದು. ಬ್ರೇಯಲ್ಲೇ ಇಂಡಿಯಾ ಕಟ್ಟಿದ್ದಾರೆ. ಮುಖಕ್ಕೆ ಕಂದು ಬಣ್ಣ ಮೆತ್ತಿಕೊಂಡವರು ಕಾಳಿ ಪೂಜೆ ಮಾಡುತ್ತಾರೆ. ಕಾಳಿ ಅಂದರೆ ಕೊಲೆ, ಅಷ್ಟೇ. ಬ್ರಿಟಿಷ್ ಅಧಿಕಾರಿ ಸ್ಲೀಮನ್ ಥಗ್ಗರನ್ನು ಬೇಟೆಯಾಡಿದ್ದು ಹೆಚ್ಚಾಗಿ ಜಬಲ್ಪುರದ ಕಡೆ, ಹೆಸರಲ್ಲಿ ಮಾತ್ರ ಬಾಂಬೆ. ಇಂಗ್ಲೆಂಡಿಗೆ ಈ ಥಗ್ಗರ ಹುಚ್ಚು ಹಿಡಿಸಿದವರಲ್ಲಿ ಒಬ್ಬರು ನಮಗೂ ಪರಿಚಯದವರೇ. ಸುರಪುರದಲ್ಲಿ ಟೇಲರ್ ಮಂಜಿಲ್ ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ 1839ರಲ್ಲೇ ಥಗ್ಗನೊಬ್ಬನ ಕಾದಂಬರಿ ಬರೆದಿದ್ದರು. ಟೇಲರ್ ಈ ನೆಲದಲ್ಲಿ ಬದುಕಿದವರು, ಅವರ ಥಗ್ಗನಿಗೆ ಒಂದು ಮನಸ್ಸಾದರೂ ಇದೆ. ಹ್ಯಾಮರ್‌ನವರ ಥಗ್ಗರಿಗೆ ಕರವಸ್ತ್ರ ಬಿಟ್ಟರೆ ಬೇರೇನೂ ಇಲ್ಲ. ಮುಂದೆ ಡ್ರಾಕುಲಾನನ್ನೇ ಇಂಡಿಯಾಕ್ಕೆ ಕಳಿಸುವ ಸ್ಕ್ರಿಪ್ಟ್ ಕೂಡ ಆಂಟನಿ ಹಿಂಡ್ಸ್ ಬರೆದರು. ಅದು ಸಿನಿಮಾ ಆಗಲಿಲ್ಲ. ಒಳ್ಳೆಯದೇ ಆಯಿತು ಅಂತ ನನಗನ್ನಿಸುತ್ತದೆ.

1966ರ ಕೊನೆಗೆ ಬ್ರೇ ಶೂಟಿಂಗ್ ನಿಂತಿತು. ಕೆಲಸ ಎಲ್‌ಸ್ಟ್ರೀ, ಪೈನ್‌ವುಡ್ ಸ್ಟುಡಿಯೋಗಳಿಗೆ ಹೋಯಿತು. ಕೂಡಲೇ ಎಲ್ಲಾ ಹಾಳಾಯಿತು ಅಂತ ನಾನು ಹೇಳುತ್ತಿಲ್ಲ. 1968ರ 'ದಿ ಡೆವಿಲ್ ರೈಡ್ಸ್ ಔಟ್' ಅವರ ಅತ್ಯುತ್ತಮ ಚಿತ್ರಗಳಲ್ಲೊಂದು. ಆದರೆ ಅದರ ಹಿಂದೆ ಇದ್ದವರು ಅದೇ ಫಿಶರ್, ಅದೇ ರಾಬಿನ್ಸನ್, ಅದೇ ಬರ್ನಾರ್ಡ್. ಬ್ರೇಯಲ್ಲಿ ಕಲಿತ ಕೈಗಳು. ಅದೇ ವರ್ಷ ರಫ್ತಿನಿಂದ ದೇಶಕ್ಕೆ ವಿದೇಶಿ ಹಣ ತಂದಿದ್ದಕ್ಕೆ ಕಂಪನಿಗೆ ರಾಣಿಯ ಪ್ರಶಸ್ತಿಯೂ ಬಂತು. ದೆವ್ವ ಮಾರಿ ಸರ್ಕಾರದ ಪ್ರಶಸ್ತಿ ತೆಗೆದುಕೊಂಡವರು ಇವರೊಬ್ಬರೇ ಇರಬೇಕು.

1970ರಲ್ಲಿ ರಾಬಿನ್ಸನ್ ತೀರಿಕೊಂಡರು. ಅಷ್ಟು ಹೊತ್ತಿಗೆ ಅಮೆರಿಕದ ಕಂಪನಿಗಳು ಬ್ರಿಟಿಷ್ ಚಿತ್ರಗಳಿಂದ ದುಡ್ಡು ಹಿಂದೆಗೆದುಕೊಳ್ಳುತ್ತಿದ್ದವು. ಜೇಮ್ಸ್ ಕರೇರಾಸ್‌ಗೆ ಇದು ದೊಡ್ಡ ಏಟು. ಸ್ಕ್ರಿಪ್ಟ್ ಬರೆಯುವ ಮೊದಲೇ ಹೆಸರು, ಪೋಸ್ಟರ್ ತೋರಿಸಿ ಅಮೆರಿಕನ್ನರಿಗೆ ಚಿತ್ರ ಮಾರುತ್ತಿದ್ದ ಮನುಷ್ಯ ಅವರು. ಆಮೇಲಿನ ಚಿತ್ರಗಳಲ್ಲಿ ಬಟ್ಟೆ ಕಮ್ಮಿಯಾಯಿತು, ರಕ್ತ ಜಾಸ್ತಿಯಾಯಿತು. 1972ರಲ್ಲಿ ಡ್ರಾಕುಲಾ ಲಂಡನ್‌ನ ಪಡ್ಡೆ ಹುಡುಗರ ಮಧ್ಯೆ ಬಂದ. 1974ರಲ್ಲಿ ಹಾಂಗ್‌ಕಾಂಗ್‌ನ ಶಾ ಬ್ರದರ್ಸ್ ಜೊತೆ ಸೇರಿ ಕುಂಗ್‌ಫು ದೆವ್ವ. ಈ ಅವಧಿಯಲ್ಲಿ ಥಿಯೇಟರ್ ತುಂಬಿಸಿದ್ದು ದೆವ್ವವೂ ಅಲ್ಲ, ಬಸ್ ಡ್ರೈವರ್ ಕಂಡಕ್ಟರ್‌ಗಳ ಟಿವಿ ಕಾಮಿಡಿಯಿಂದ ಮಾಡಿದ 'ಆನ್ ದ ಬಸಸ್'! ಅಪ್ಪನಿಂದ ಕಂಪನಿ ಕೊಂಡಿದ್ದ ಮೈಕಲ್ 1979ರಲ್ಲಿ ಹೊರಬಂದರು.

ಲೀ ಮತ್ತು ಕುಶಿಂಗ್ ಮಾತ್ರ ಕಂಪನಿಗಿಂತ ಹೆಚ್ಚು ಬಾಳಿದರು. 'ಸ್ಟಾರ್ ವಾರ್ಸ್' ನೋಡಿದವರಿಗೆ ಇಬ್ಬರೂ ಗೊತ್ತು. ಲೀ 1998ರ ಚಿತ್ರದಲ್ಲಿ ಜಿನ್ನಾ ಆಗಿದ್ದಾಗ, ಡ್ರಾಕುಲಾ ಮಾಡಿದವನು ನಮ್ಮ ನಾಯಕನಾಗುವುದೇ ಅಂತ ಪಾಕಿಸ್ತಾನದಲ್ಲಿ ಗಲಾಟೆಯೇ ಆಗಿತ್ತು.

ಹ್ಯಾಮರ್ ಹೆಸರು 2007ರಲ್ಲಿ ಮತ್ತೆ ಜೀವ ಪಡೆಯಿತು. 2012ರ 'ದಿ ವುಮನ್ ಇನ್ ಬ್ಲ್ಯಾಕ್' ಚೆನ್ನಾಗಿಯೇ ಓಡಿತು. ನನಗೂ ಇಷ್ಟವಾಯಿತು. ಆದರೆ ಅದು ಹ್ಯಾಮರ್ ಬೋರ್ಡ್ ಹಾಕಿಕೊಂಡ ಬೇರೆ ಕಂಪನಿಯ ಚಿತ್ರ ಅಂತಲೇ ನನ್ನ ಭಾವನೆ. ಬೇರೆ ಅಭಿಪ್ರಾಯ ಇದ್ದವರು ಕಾಮೆಂಟ್‌ನಲ್ಲಿ ಜಗಳಕ್ಕೆ ಬರಬಹುದು. ಹೊಸದಾಗಿ ನೋಡುವವರು 1958ರ 'ಡ್ರಾಕುಲಾ'ದಿಂದ ಶುರು ಮಾಡಿ, ರಿಪೇರಿ ಮಾಡಿದ ಪ್ರಿಂಟ್ ಸಿಕ್ಕರೆ ಅದನ್ನೇ ನೋಡಿ. ಆಮೇಲೆ 'ದಿ ಡೆವಿಲ್ ರೈಡ್ಸ್ ಔಟ್'. ಕುಂಗ್‌ಫು ದೆವ್ವವನ್ನು ಗೆಳೆಯರೆಲ್ಲ ಸೇರಿದ ದಿನಕ್ಕೆ ಇಟ್ಟುಕೊಳ್ಳಿ.